ನಮ್ಮೂರನ್ನು ನಾವೇ ಓದೋಣ
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



ಸಂಘದ ಸಭೆಯಲ್ಲಿ ನಾವು ಉಳಿತಾಯದ ಪುಸ್ತಕ ಓದುತ್ತೇವೆ, ಸಾಲದ ಪುಸ್ತಕ ಓದುತ್ತೇವೆ, ನಡಾವಳಿ ಓದಿ ಸಹಿ ಹಾಕುತ್ತೇವೆ. ಇವತ್ತಿನ ಪಾಠದಲ್ಲಿ ಇನ್ನೊಂದು ಪುಸ್ತಕ ಓದೋಣ. ಅದು ನಮ್ಮೂರು. ಊರಿನಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಕೆರೆ ಯಾರದು, ತೋಪು ಯಾರದು, ದಾರಿ ಯಾರದು? "ಅದೆಲ್ಲ ಗಂಡಸರಿಗೆ ಗೊತ್ತು ಸಿಸ್ಟರ್, ನಮಗೇನು ಗೊತ್ತು?" ಅಂತ ಸದಸ್ಯೆಯರು ಹೇಳುವುದುಂಟು. ಆದರೆ ನೀರು ಹೊರುವವರು ಯಾರು? ಸೌದೆ, ಸೊಪ್ಪು ತರುವವರು ಯಾರು? ದನ ಮೇಯಿಸುವವರು ಯಾರು? ಊರಿನ ಮೂಲೆಮೂಲೆಯೂ ನಮಗೆ ಗೊತ್ತು. ಗೊತ್ತಿರುವುದನ್ನು ಜೋಡಿಸಿ ನೋಡಿಲ್ಲ, ಅಷ್ಟೇ.

ಪವಿತ್ರ ಬೈಬಲಿನ ಸಂಖ್ಯಾಕಾಂಡದಲ್ಲಿ ಒಂದು ಪ್ರಸಂಗ ಬರುತ್ತದೆ. ಕಾನಾನ್ ನಾಡಿಗೆ ಹೋಗುವ ಮುನ್ನ ಮೋಶೆ ಹನ್ನೆರಡು ಜನರನ್ನು ಕಳುಹಿಸುತ್ತಾನೆ. ಅಲ್ಲಿಯ ಮಣ್ಣು ಒಳ್ಳೆಯದೋ ಬರಡೋ, ಮರಗಳಿವೆಯೋ ಇಲ್ಲವೋ, ಜನ ಹೇಗಿದ್ದಾರೆ, ನೋಡಿಕೊಂಡು ಬನ್ನಿ ಅನ್ನುತ್ತಾನೆ. ನಾಡಿನಲ್ಲಿ ಬದುಕು ಕಟ್ಟುವ ಮೊದಲು ನಾಡನ್ನು ತಿಳಿಯಬೇಕು. ಯಾವ ಧರ್ಮದವರೇ ಆಗಲಿ, ನಮ್ಮ ಸಂಘದ ಎಲ್ಲ ಅಕ್ಕತಂಗಿಯರಿಗೂ ಇದು ಒಪ್ಪುವ ಮಾತು.

ನಮ್ಮ ನೆಲ, ನಮ್ಮ ನೀರು

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ಹುಟ್ಟಿತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳು ಉಳಿದವು. ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ನೆಲ. ಹೆಚ್ಚಿನ ಕಡೆ ಕೆಂಪು ಮಣ್ಣು. ರಾಗಿ, ಅವರೆ, ಹುರುಳಿ, ತೊಗರಿ ನಮ್ಮ ಹಿರಿಯರ ಬೆಳೆ. ಹಿಪ್ಪುನೇರಳೆ, ದ್ರಾಕ್ಷಿ, ತರಕಾರಿ, ಹೂವು ಆಮೇಲೆ ಬಂದವು. ದೇವನಹಳ್ಳಿಯ ಚಕ್ಕೋತ ಮತ್ತು ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಂದರೆ ಈ ಮಣ್ಣು, ಈ ಹವೆಯಿಂದಲೇ ಆ ರುಚಿ ಬರುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡಂತೆ.

ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿಲ್ಲ. ಆದರೆ ಹೊಳೆಗಳು ಹುಟ್ಟುವ ಜಾಗ ನಮ್ಮ ಪಕ್ಕದಲ್ಲೇ ಇದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೆ ಇಳಿದು ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ಬೆಟ್ಟದ ಸಾಲಿನಿಂದ ಹೊರಟ ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ಕಡೆ ಹರಿದು ತಮಿಳುನಾಡಿಗೆ ಹೋಗುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಕುಮುದ್ವತಿ ಹುಟ್ಟುತ್ತದೆ. ಬೆಂಗಳೂರು ನಗರ 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರು ತೆಗೆದುಕೊಂಡಿತು. ನಗರಕ್ಕೆ ಮೊದಲು ನೀರು ಕೊಟ್ಟದ್ದು ನಮ್ಮ ಕಡೆಯ ಮಳೆ ಅನ್ನುವುದು ನೆನಪಿರಲಿ.

ಹೊಳೆ ಬತ್ತುವ ಈ ನಾಡಿನಲ್ಲಿ ಹಿರಿಯರು ಕಂಡುಕೊಂಡ ಉಪಾಯ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ಹೀಗೆ ಒಂದಕ್ಕೊಂದು ಸರಪಳಿ. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಕೆರೆಯ ಹೂಳನ್ನು ಬೇಸಿಗೆಯಲ್ಲಿ ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ.

ಒಂದು ಲೆಕ್ಕ ಮಾಡೋಣ. 1 ಎಕರೆ ಕೆರೆಯಂಗಳದಲ್ಲಿ 1 ಅಡಿ ನೀರು ನಿಂತರೆ ಸುಮಾರು 12 ಲಕ್ಷ ಲೀಟರ್. 10 ಎಕರೆ ಕೆರೆಯಲ್ಲಿ 1 ಅಡಿ ಹೂಳು ತುಂಬಿತು ಅನ್ನಿ. ಸುಮಾರು 1 ಕೋಟಿ 20 ಲಕ್ಷ ಲೀಟರ್ ನೀರು ನಿಲ್ಲುವ ಜಾಗ ಹೋಯಿತು. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 2,000 ಟ್ಯಾಂಕರ್! ನಿಮ್ಮೂರಲ್ಲಿ ಒಂದು ಟ್ಯಾಂಕರ್‌ಗೆ ಎಷ್ಟು ಕೊಡುತ್ತೀರಿ? ಗುಣಿಸಿ ನೋಡಿ.

ಮಳೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುತ್ತದೆ. 20 ಅಡಿಗೆ 30 ಅಡಿ ಇರುವ ಒಂದು ಮನೆಯ ಮಾಳಿಗೆ ಮೇಲೆ ವರ್ಷಕ್ಕೆ ಸುಮಾರು 44,000 ಲೀಟರ್ ಬೀಳುತ್ತದೆ. ಅದು ಬಚ್ಚಲ ಮೋರಿಗೆ ಹೋಗುತ್ತದೆ, ನಾವು ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುತ್ತೇವೆ. ಅತ್ತ ಕೊಳವೆಬಾವಿ ಆಳವಾಗುತ್ತಲೇ ಹೋಗಿದೆ. ಕೇಂದ್ರ ಅಂತರ್ಜಲ ಮಂಡಳಿಯ ವಿಂಗಡಣೆಯಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳು "ಅತಿ ಬಳಕೆ" ಪಟ್ಟಿಯಲ್ಲಿವೆ. ಅಂದರೆ ಭೂಮಿ ಒಳಗೆ ಇಳಿಯುವ ನೀರಿಗಿಂತ ನಾವು ಮೇಲೆತ್ತುವ ನೀರು ಹೆಚ್ಚು. ಉಳಿತಾಯಕ್ಕಿಂತ ಸಾಲ ಹೆಚ್ಚಾದ ಸಂಘದ ಗತಿ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಹಲವು ಕಡೆ ನೀಲಗಿರಿ ತೋಪುಗಳೂ ಹಬ್ಬಿದ್ದವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ದೇವನಹಳ್ಳಿ ಕಡೆಯ ಕೆಲವು ಕೆರೆಗಳಿಗೆ ಹರಿಸಲಾಗಿದೆ. ಅದು ನೇರವಾಗಿ ಕುಡಿಯುವುದಕ್ಕಲ್ಲ, ಅಂತರ್ಜಲ ಹೆಚ್ಚಿಸುವುದಕ್ಕೆ ಅನ್ನುವುದನ್ನು ಮಕ್ಕಳಿಗೂ ಹೇಳಿಕೊಡಿ.

ಸಾಲದ ಪುಸ್ತಕದಲ್ಲಿ ಊರಿನ ನೆಲ

ನಿಮ್ಮ ಸಂಘದ ಸಾಲದ ಪುಸ್ತಕ ತೆರೆದು ಕಳೆದ ಎರಡು ವರ್ಷದ ಸಾಲಗಳ ಕಾರಣ ನೋಡಿ. ಕೊಳವೆಬಾವಿ ಕೊರೆಸಲು, ಮೋಟಾರ್ ರಿಪೇರಿಗೆ, ಮೇವು ಕೊಳ್ಳಲು, ಬೆಳೆ ಹೋಯಿತೆಂದು, ಆಸ್ಪತ್ರೆಗೆಂದು. ಇದರಲ್ಲಿ ನೀರು ಮತ್ತು ಮೇವಿನ ಸಾಲ ಎಷ್ಟು? ಕೆರೆ ಬತ್ತಿದ್ದು, ಗೋಮಾಳ ಹೋಗಿದ್ದು ಕೊನೆಗೆ ನಮ್ಮ ಸಾಲದ ಪುಸ್ತಕಕ್ಕೆ ಬಂದು ಕೂರುತ್ತದೆ. ಮನೆಯಲ್ಲಿ ಆ ಕಂತು ಕಟ್ಟುವವಳು ಯಾರು? ನಾವೇ. ಅದಕ್ಕೇ ಊರಿನ ನೆಲ, ನೀರಿನ ವಿಚಾರ ಹೆಂಗಸರ ವಿಚಾರ.

ಜರ್ಮನಿಯ ಒಂದು ಸಣ್ಣ ಹಳ್ಳಿ

ಊರಿನ ನೆಲಕ್ಕೂ ಸಾಲಕ್ಕೂ ಇರುವ ಈ ನಂಟನ್ನು ದೂರದ ಜರ್ಮನಿ ದೇಶದಲ್ಲಿ ಒಬ್ಬರು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಸೀಮೆ. ಚಳಿ ಹೆಚ್ಚು, ಮಣ್ಣು ಬಡವು, ಹಿಡುವಳಿಗಳು ಚಿಕ್ಕವು. ಆ ಸೀಮೆಯ ವೈಯರ್‌ಬುಷ್ ಎಂಬ ಸಣ್ಣ ಹಳ್ಳಿಗೆ 1845ರಲ್ಲಿ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬ ಯುವಕ ಆಡಳಿತದ ಮುಖ್ಯಸ್ಥನಾಗಿ ಬಂದ. 1846–47ರಲ್ಲಿ ಬೆಳೆ ಹೋಗಿ ಬರ ಬಂತು. ಸರ್ಕಾರ ಹಿಟ್ಟು ಕಳುಹಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಎಂದಿತು. ಹಸಿದವರ ಹತ್ತಿರ ನಗದು ಎಲ್ಲಿಂದ ಬರಬೇಕು? ರೈಫೈಸನ್ ಹಿಟ್ಟನ್ನು ಸಾಲವಾಗಿ ಕೊಟ್ಟ. ಊರಿನ ಅನುಕೂಲಸ್ಥರಿಂದ ಹಣ ಸೇರಿಸಿ, ಊರಿಗೆಲ್ಲ ಒಂದೇ ರೊಟ್ಟಿ ಒಲೆ ಕಟ್ಟಿಸಿದ. ರೊಟ್ಟಿಯ ಬೆಲೆ ಅರ್ಧಕ್ಕೆ ಇಳಿಯಿತು.

ಮುಂದೆ 1849ರಲ್ಲಿ ಪಕ್ಕದ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಬಡ ರೈತರಿಗೆ ದನ ಕೊಡಿಸಿ, ಐದು ವರ್ಷದ ಕಂತಿನಲ್ಲಿ ತೀರಿಸುವ ಸಂಘ ಮಾಡಿದ. ಬಡ್ಡಿ ವ್ಯಾಪಾರಿಗಳ ಕೈಯಿಂದ ರೈತರನ್ನು ಬಿಡಿಸುವುದು ಉದ್ದೇಶ. ಆದರೆ ಅನುಕೂಲಸ್ಥರ ದಯೆಯ ಮೇಲೆ ನಿಂತ ಸಂಘ ಬಹಳ ಕಾಲ ಬಾಳುವುದಿಲ್ಲ ಅನ್ನುವುದು ಅನುಭವದಿಂದ ತಿಳಿಯಿತು. 1864ರಲ್ಲಿ ಹೆಡ್ಡೆಸ್‌ಡೋರ್ಫ್ ಎಂಬಲ್ಲಿ ಶುರುವಾದ ಸಾಲದ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು, ಅವರೇ ಒಬ್ಬರಿಗೊಬ್ಬರು ಜವಾಬ್ದಾರರು. ಒಬ್ಬರನ್ನೊಬ್ಬರು ಬಲ್ಲ ಒಂದೇ ಊರಿನವರು ಸೇರಿದರೆ ಅಡಮಾನಕ್ಕಿಂತ ನಂಬಿಕೆ ಗಟ್ಟಿ ಅನ್ನುವುದೇ ಇದರ ತಿರುಳು.

ಈ ವಿಚಾರ ನಮ್ಮ ದೇಶಕ್ಕೂ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರು ಮಾಡಿತು. 2000ನೇ ಇಸವಿಯಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ನೀವು ವಾರವಾರ ಕಟ್ಟುವ ಉಳಿತಾಯದ ವಂಶವೃಕ್ಷ ಇಷ್ಟು ಉದ್ದವಿದೆ, ಅದರ ಒಂದು ಬೇರು ಆ ಬರಗಾಲದ ಹಳ್ಳಿಯಲ್ಲಿದೆ.

ಎಲ್ಲರ ಸೊತ್ತು, ಯಾರದೂ ಅಲ್ಲದ ಸೊತ್ತು

ನಮ್ಮ ಹಳ್ಳಿಗಳಲ್ಲೂ ಆ ರೊಟ್ಟಿ ಒಲೆಯಂತೆ ಎಲ್ಲರಿಗೂ ಸೇರಿದ ಜಾಗಗಳಿದ್ದವು, ಇವೆ. ಕೆರೆ, ಕುಂಟೆ, ಕಲ್ಯಾಣಿ, ರಾಜಕಾಲುವೆ, ಗುಂಡುತೋಪು, ಗೋಮಾಳ, ಸ್ಮಶಾನ, ಬಂಡಿ ದಾರಿ, ಅರಳಿಕಟ್ಟೆ, ರಾಗಿ ಕಣ. ಗೋಮಾಳದ ಬಗ್ಗೆ ಕಂದಾಯ ನಿಯಮವೇ ಇದೆ: 100 ಜಾನುವಾರುಗಳಿಗೆ ಸುಮಾರು 30 ಎಕರೆ ಉಳಿಸಬೇಕು. ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕಿ ಕಂತು ತೀರಿಸುವ ನಮ್ಮ ಅಕ್ಕಂದಿರಿಗೆ, ಕುರಿ ಮೇಕೆ ಸಾಕುವ ಅಮ್ಮಂದಿರಿಗೆ ಗೋಮಾಳ ಎಂದರೆ ಕಾಸು ಕೊಡದೆ ಸಿಗುವ ಮೇವು. ಅದು ಹೋದ ದಿನ ಮೇವಿನ ಬಿಲ್ ಶುರು. ಕಣ ಹೋದದ್ದರಿಂದಲೇ ಈಗ ರಾಗಿಯನ್ನು ಟಾರು ರಸ್ತೆ ಮೇಲೆ ಹರಡುತ್ತೇವೆ, ಓಡುವ ಗಾಡಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಗುಡಿಸುತ್ತೇವೆ. ಎಲ್ಲರದು ಅಂದರೆ ಯಾರೂ ಕೇಳುವವರಿಲ್ಲ ಅಂತ ಆಗಬಾರದು.

ನಲ್ಲೂರು ಕಲಿಸುವ ಪಾಠ

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗಿ ನೋಡಿ. ಸುಮಾರು 54 ಎಕರೆಯಲ್ಲಿ ಹರಡಿದ ಹುಣಸೆ ತೋಪು ಅಲ್ಲಿದೆ. ಸುಮಾರು 300 ಮರಗಳು. ಕೆಲವಕ್ಕೆ ನಾನೂರು ವರ್ಷದಷ್ಟು ವಯಸ್ಸು ಎಂದು ಅಂದಾಜು. ಮರಗಳ ನಡುವೆ ಹಳೆಯ ಗುಡಿಗಳ ಅವಶೇಷ. 2002ರ ಜೀವವೈವಿಧ್ಯ ಕಾಯ್ದೆಯಡಿ 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲಾಯಿತು. ಇಡೀ ಭಾರತದಲ್ಲಿ ಇಂಥ ಮೊದಲ ತಾಣ ನಮ್ಮ ಜಿಲ್ಲೆಯದು! ಆದರೂ ಪಕ್ಕದ ಊರಿನ ಮಕ್ಕಳಿಗೇ ಇದು ಗೊತ್ತಿರುವುದಿಲ್ಲ. ಸಂಘದಿಂದ ಪ್ರವಾಸ ಎಂದು ದೂರ ದೂರ ಹೋಗುವ ನಾವು ಒಂದು ದಿನ ಅಲ್ಲಿಗೆ ಹೋಗಿ ಬರಬಹುದಲ್ವಾ?

ಇದೇ ನಲ್ಲೂರು ಇನ್ನೊಂದು ಕಾರಣಕ್ಕೂ ಸುದ್ದಿಯಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದ ಮೇಲೆ ಸುತ್ತಲಿನ ಭೂಮಿಯ ಬೆಲೆಯೂ ಬದುಕೂ ಬದಲಾದವು. ಚನ್ನರಾಯಪಟ್ಟಣ ಹೋಬಳಿಯ ನಲ್ಲೂರು, ಹರಳೂರು, ಪಾಲ್ಯ, ಪೋಲನಹಳ್ಳಿ, ಮಟ್ಟಬಾರ್ಲು ಮುಂತಾದ 13 ಹಳ್ಳಿಗಳಲ್ಲಿ ಕೈಗಾರಿಕೆಗೆಂದು 1,777 ಎಕರೆ ಭೂಸ್ವಾಧೀನಕ್ಕೆ ಸರ್ಕಾರ ಹೊರಟಿತು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಸಾವಿರಕ್ಕೂ ಹೆಚ್ಚು ದಿನ ಅದು ನಡೆಯಿತು. ಹೆಂಗಸರು ಮನೆ, ಹಾಲು, ಹೊಲದ ಕೆಲಸ ಮುಗಿಸಿ ಬಂದು ಕೂರುತ್ತಿದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಈ ಭೂಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ತಾವಾಗಿ ಕೊಡಲು ಮುಂದೆ ಬರುವವರ ಜಮೀನನ್ನು ಮಾತ್ರ ತೆಗೆದುಕೊಳ್ಳುವುದಾಗಿ ಹೇಳಿದರು.

ಕೈಗಾರಿಕೆ ಬೇಡ ಅಂತಲೋ, ಯಾರೂ ಭೂಮಿ ಮಾರಬಾರದು ಅಂತಲೋ ನಾವು ಹೇಳುತ್ತಿಲ್ಲ. ಮಕ್ಕಳಿಗೆ ಕೆಲಸ ಬೇಕು, ಕಷ್ಟ ಬಂದಾಗ ಮಾರಬೇಕಾಗುತ್ತದೆ. ಆದರೆ ಕೊಡುವುದೋ ಬಿಡುವುದೋ, ತಿಳಿದು ತೀರ್ಮಾನ ಮಾಡಬೇಕು. ತಮ್ಮ ಊರಿನಲ್ಲಿ ಏನಿದೆ, ಅದು ಎಷ್ಟು ಜನಕ್ಕೆ ಅನ್ನ ಕೊಡುತ್ತದೆ ಅಂತ ಬಾಯಿಬಿಟ್ಟು ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ.

ಊರಿನ ಒಗ್ಗಟ್ಟು, ಊರಿನ ಒಡಕು

ಊರೆಂದರೆ ನೆಲ, ನೀರು ಅಷ್ಟೇ ಸಾಲದು, ಜನರ ನಡುವಿನ ಕೊಡುಕೊಳ್ಳುವಿಕೆಯೂ ಸೇರಬೇಕು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಮುಯ್ಯಾಳಾಗಿ ಕಳೆ ಕಿತ್ತವರು ನಮ್ಮ ತಾಯಂದಿರು. ಬಾಣಂತಿ ಮನೆಗೆ ಸಾರು, ಸಾವಿನ ಮನೆಗೆ ಅನ್ನ ಕೊಂಡೊಯ್ದವರು. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಾಗ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಗಾಡಿ ಹೂಡುವಾಗ, ಊರಹಬ್ಬದಲ್ಲಿ, ಚರ್ಚಿನ ಹಬ್ಬದ ತೇರಿನಲ್ಲಿ ಊರು ಒಂದಾಗುತ್ತದೆ.

ಒಡಕನ್ನೂ ಮುಚ್ಚಿಡುವುದು ಬೇಡ. ಊರಿನ ನಕ್ಷೆಯಲ್ಲಿ ಜಾತಿಯ ಗೆರೆಯೂ ಇರುತ್ತದೆ. ಕಾಲೊನಿ ಊರಾಚೆ ಇರುತ್ತದೆ. ಪೈಪಿನ ಕೊನೆ ಅಲ್ಲಿ, ಬೀದಿದೀಪದ ಕೊನೆ ಅಲ್ಲಿ. ಬಾಡಿಗೆಗೆ ಬಂದ ಹೊರರಾಜ್ಯದ ಕೂಲಿ ಕುಟುಂಬಗಳು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಒಂದೇ ಚಾಪೆ ಮೇಲೆ ಎಲ್ಲ ಜಾತಿಯವರೂ ಕೂತು ಉಳಿತಾಯ ಕಟ್ಟುವ ನಮ್ಮ ಸಂಘಗಳು ಈ ಗೆರೆಯನ್ನು ಸ್ವಲ್ಪವಾದರೂ ಅಳಿಸಿವೆ. ಪೂರ್ತಿ ಅಳಿಸುವ ಕೆಲಸ ಬಾಕಿ ಇದೆ.

ರಂಗೋಲಿಯಲ್ಲಿ ಊರಿನ ನಕ್ಷೆ

ಈಗ ಕೆಲಸಕ್ಕೆ ಬರೋಣ. ಮುಂದಿನ ಸಭೆಯನ್ನು ಶಾಲೆಯ ಅಂಗಳದಲ್ಲಿ ಅಥವಾ ಅರಳಿಕಟ್ಟೆಯ ಮುಂದೆ ಮಾಡಿ. ರಂಗೋಲಿ ಪುಡಿ, ಬಣ್ಣ, ಕಲ್ಲು, ಎಲೆ, ಹುರುಳಿಕಾಳು ತನ್ನಿ. ಓದು ಬರಹ ಬರಬೇಕೆಂದಿಲ್ಲ.

1. ಮೊದಲು ದಿಕ್ಕು ಗುರುತಿಸಿ. ಊರಿನ ಎತ್ತರದ ಜಾಗ, ತಗ್ಗಿನ ಜಾಗ ತೋರಿಸಿ. ಮಳೆ ನೀರು ಹರಿಯುವ ದಾರಿಯನ್ನು ನೀಲಿ ಬಣ್ಣದಲ್ಲಿ ಎಳೆಯಿರಿ.
2. ಕೆರೆ, ತೂಬು, ಕೋಡಿ, ಕಾಲುವೆ ಬರೆಯಿರಿ. ಕಾಲುವೆ ಎಲ್ಲಿ ಮುಚ್ಚಿದೆ, ಎಲ್ಲಿ ಮಣ್ಣು ತುಂಬಿದೆ ಅಲ್ಲಿ ಕಲ್ಲು ಇಡಿ.
3. ತೋಪು, ಗೋಮಾಳ, ಸ್ಮಶಾನ, ಬಂಡಿ ದಾರಿಗೆ ಎಲೆ ಇಡಿ. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ಒಣಗಿದ ಎಲೆ. ಇದನ್ನು ಅಜ್ಜಿಯಂದಿರನ್ನು ಕೇಳಿ ಮಾಡಿ.
4. ಮನೆಗಳನ್ನು ಗುರುತಿಸಿ. ನಲ್ಲಿ ಇಲ್ಲದ ಮನೆ, ವಿಧವೆಯರ ಮನೆ, ಅಂಗವಿಕಲರಿರುವ ಮನೆ, ಬಾಡಿಗೆಯವರ ಮನೆ ಯಾವುದೂ ಬಿಡಬೇಡಿ.
5. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಓಡಾಡಲು ಹೆದರುವ ಜಾಗಗಳಿಗೆ ಕೆಂಪು ಬಣ್ಣ ಹಾಕಿ.
6. ಶಾಲೆ ಮಕ್ಕಳಿಂದ ಈ ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿ, ಸಂಘದ ಪೆಟ್ಟಿಗೆಯಲ್ಲಿ ಇಡಿ.

ಆಮೇಲೆ ಇದನ್ನು ಸರ್ಕಾರಿ ದಾಖಲೆಗೆ ಹೋಲಿಸಬೇಕು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ದಾರಿ ಗುರುತಾಗಿರುತ್ತವೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇದೆ. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದರೆ ತೋರಿಸುತ್ತಾಳೆ. ಪಹಣಿಯನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಕೊಡದೆ ಸತಾಯಿಸಿದ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ನಕ್ಷೆ ಹಿಡಿದು ಗ್ರಾಮಸಭೆಗೆ ಹೋಗಿ. ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ಒಬ್ಬಳೇ ಎದ್ದು ನಿಂತು "ನಮ್ಮ ಬೀದಿಗೆ ನೀರಿಲ್ಲ" ಅಂದರೆ "ಆಯ್ತಮ್ಮ, ನೋಡೋಣ ಕೂತ್ಕೊ" ಅನ್ನುತ್ತಾರೆ. ಇಪ್ಪತ್ತು ಜನ ಸೇರಿ ನಕ್ಷೆ ಬಿಚ್ಚಿ, "ಕಾಲುವೆ ಇಲ್ಲಿ ಮುಚ್ಚಿದೆ, ಇದರಿಂದ ಕೆರೆಗೆ ನೀರು ಬರುತ್ತಿಲ್ಲ, ನಡಾವಳಿಯಲ್ಲಿ ಬರೆದುಕೊಳ್ಳಿ" ಅಂದರೆ ಪಿಡಿಒ ಬರೆದುಕೊಳ್ಳಲೇಬೇಕಾಗುತ್ತದೆ. ಬರೆದದ್ದನ್ನು ಓದಿಸಿ ಕೇಳಿಕೊಂಡೇ ಎದ್ದು ಬನ್ನಿ.

ಹೆಬ್ಬೆಟ್ಟು ಒತ್ತುವ ಮುನ್ನ

ಕೊನೆಯದಾಗಿ ಬಹಳ ಮುಖ್ಯವಾದ ಒಂದು ಮಾತು. ಭೂಮಿಗೆ ಬೆಲೆ ಬಂದಾಗ ತವರಿನಿಂದ ಕಾರು ಬರುತ್ತದೆ. "ಬಾಮ್ಮ, ಒಂದು ಸಹಿ ಹಾಕಿ ಹೋಗುವಂತೆ" ಅಂತ ಅಣ್ಣತಮ್ಮಂದಿರು ನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ಒಂದು ಸೀರೆ, ಒಂದು ಊಟ. ಅವಳು ಸಹಿ ಹಾಕಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ಅನ್ನುವುದು ಎಷ್ಟೋ ದಿನದ ಮೇಲೆ ಗೊತ್ತಾಗುತ್ತದೆ.

ತಿಳಿದಿರಲಿ: 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗ, ಮಾರಾಟಗಳಿಗೆ ಇದು ಅನ್ವಯಿಸದು. ಕ್ರೈಸ್ತ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಗನಿಗೂ ಮಗಳಿಗೂ ಸಮಪಾಲು. ತವರಿನ ಮೇಲಿನ ಪ್ರೀತಿಗೆ ಹಕ್ಕು ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಓದಿಸಿ, ಕೇಳಿ, ಯೋಚಿಸಿ ಬಿಡಿ. ಅನುಮಾನ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಮೋಶೆ ನಾಡು ನೋಡಲು ಜನ ಕಳುಹಿಸಿದ ಅದೇ ಸಂಖ್ಯಾಕಾಂಡದಲ್ಲಿ ಮುಂದೆ ಐವರು ಅಕ್ಕತಂಗಿಯರು ಬರುತ್ತಾರೆ. ಗಂಡುಮಕ್ಕಳಿಲ್ಲದೆ ತಂದೆ ತೀರಿಕೊಂಡಿದ್ದ. ಎಲ್ಲ ಹಿರಿಯರೂ ಸೇರಿದ್ದ ಸಭೆಯ ಮುಂದೆ ಅವರು ನಿಂತು, ತಂದೆಯ ಪಾಲನ್ನು ನಮಗೆ ಕೊಡಿ ಎಂದು ಕೇಳಿದರು. ಅವರು ಕೇಳುವುದು ನ್ಯಾಯ ಎಂದು ದೇವರೇ ಮೋಶೆಗೆ ತಿಳಿಸಿದರು. ಐವರೂ ಒಟ್ಟಿಗೆ ಹೋಗಿದ್ದರು ಅನ್ನುವುದನ್ನು ಗಮನಿಸಿ. ಸಂಘ ಅಂದರೆ ಅದೇ.

ಚರ್ಚೆಗೆ ಪ್ರಶ್ನೆಗಳು

1. ನಮ್ಮೂರ ಕೆರೆಗೆ ನೀರು ಯಾವ ಊರ ಕಡೆಯಿಂದ ಬರುತ್ತದೆ? ಕೋಡಿ ಬಿದ್ದರೆ ಯಾವ ಊರಿಗೆ ಹೋಗುತ್ತದೆ?
2. ನಮ್ಮ ಅಜ್ಜಿಯ ಕಾಲದಲ್ಲಿ ಎಲ್ಲರಿಗೂ ಸೇರಿದ್ದ ಯಾವ ಜಾಗ ಈಗ ಇಲ್ಲ?
3. ನಮ್ಮ ಸಂಘದ ಸಾಲಗಳಲ್ಲಿ ನೀರು, ಮೇವಿಗಾಗಿ ತೆಗೆದದ್ದು ಎಷ್ಟು ರೂಪಾಯಿ?
4. ನಮ್ಮಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿ ಅಥವಾ ಮನೆಯ ಪತ್ರದಲ್ಲಿ ಇದೆ?
5. ಬರುವ ಗ್ರಾಮಸಭೆಯಲ್ಲಿ ನಾವು ಕೇಳುವ ಒಂದೇ ಒಂದು ವಿಷಯ ಯಾವುದು?

ಐದನೆಯ ಪ್ರಶ್ನೆಯ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಮಾಡಿ. ಗ್ರಾಮಸಭೆಯ ದಿನ ಕೂಲಿ ಬಿಟ್ಟು ಬರಬೇಕಾದ ಸದಸ್ಯೆಗೆ ಸಂಘ ಏನು ಮಾಡಬಹುದು ಅಂತಲೂ ಅದೇ ಸಭೆಯಲ್ಲಿ ತೀರ್ಮಾನಿಸಿ.